ಪದವಿ ತರಗತಿಯ ಓದು, ಬರವಣಿಗೆ: ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದವರು ಮುಂದೆ ವಿದ್ಯಾನಗರದ ಸರಕಾರಿ ಕಾಲೇಜಿಗೆ ಸೇರಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜಿಗೆ ಸೇರಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಲಿ, ತಲಪಾಡಿ ದಾಟಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೇ ಹೋಗಲಿ, ಮೊದಲ ವರ್ಷದಲ್ಲಿ ಅವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಈ ಭಾಗದ ಪದವಿ ವಿದ್ಯಾರ್ಥಿಗಳ ಅಸೈನ್‌ಮೆಂಟು, ಪ್ರಾಜೆಕ್ಟುಗಳನ್ನು ಹಲವು ವರ್ಷಗಳಿಂದ ತಿದ್ದುತ್ತ ಬಂದವನಾಗಿ, ಹೆಚ್ಚು ಬಾರಿ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ಲಸ್ ಟುವಿನಲ್ಲಿ ತುಂಬ ಒಳ್ಳೆಯ ಅಂಕ ಬಂದಿತ್ತು. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಅದೇ ರೀತಿ ಓದಿದರೂ ಅಂಕ ಕುಸಿದದ್ದೇಕೆ?

ಅದೇ ರೀತಿ ಓದಿದ್ದೇ ಇದಕ್ಕೆ ಮುಖ್ಯ ಕಾರಣ. ಶಾಲೆಯ ಪ್ರಶ್ನೆಪತ್ರಿಕೆ ಬಹುತೇಕ ‘ಏನು’ ಎಂದು ಕೇಳುತ್ತದೆ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ‘ಹಾಗೆಂದು ಹೇಗೆ ಹೇಳುತ್ತೀರಿ’ ಎಂದು ಕೇಳುತ್ತದೆ. ಪ್ರಶ್ನೆಯ ಕೊನೆಯಲ್ಲಿರುವ ಕ್ರಿಯಾಪದವನ್ನು ಹೆಚ್ಚಿನವರು ಓದುವುದೇ ಇಲ್ಲ. ‘ವಿವರಿಸಿ’ ಎಂದರೆ ಇದ್ದುದನ್ನು ಕ್ರಮವಾಗಿ ಹೇಳಬೇಕು. ‘ಚರ್ಚಿಸಿ’ ಎಂದರೆ ಕನಿಷ್ಠ ಎರಡು ನಿಲುವುಗಳನ್ನು ಎದುರುಬದುರಾಗಿಟ್ಟು ನೋಡಬೇಕು. ‘ವಿಮರ್ಶಿಸಿ’ ಎಂದರೆ ಒಂದು ಮಾನದಂಡವನ್ನು ಮೊದಲೇ ಹೇಳಿ, ಅದರಂತೆ ತೂಗಿ, ತೀರ್ಮಾನಕ್ಕೆ ಬರಬೇಕು. ಮೂರಕ್ಕೂ ಒಂದೇ ಉತ್ತರವನ್ನು, ಅಂದರೆ ಆ ವಿಷಯದ ಬಗ್ಗೆ ತಮಗೆ ಗೊತ್ತಿರುವ ಅಷ್ಟನ್ನೂ ಬರೆದು ಬರುವವರು ಪ್ರತಿ ವರ್ಷ ಸಿಗುತ್ತಾರೆ. ಅವರಿಗೆ ವಿಷಯ ಚೆನ್ನಾಗಿಯೇ ಗೊತ್ತಿರುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಸಿಕ್ಕಿರುವುದಿಲ್ಲ.

ಒಂದು ಕೋರ್ಸಿಗೆ ತರಗತಿಯ ಹೊರಗೆ ಎಷ್ಟು ಹೊತ್ತು ಓದಬೇಕು?

ಇದಕ್ಕೆ ಲೆಕ್ಕದ ಉತ್ತರವೇ ಇದೆ. ಕೇರಳದಲ್ಲಿ 2024–25ರಿಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂದಿದ್ದು, ಮೂರು ವರ್ಷಕ್ಕೆ ಮುಗಿಸುವವರಿಗೆ 133 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 177 ಕ್ರೆಡಿಟ್ ಬೇಕಾಗುತ್ತದೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್ ಎಂದರೆ 1200 ಗಂಟೆಗಳ ಕಲಿಕೆ. ಅಂದರೆ ಒಂದು ಕ್ರೆಡಿಟಿಗೆ 30 ಗಂಟೆ. ಅದರಲ್ಲಿ ಪಾಠ ಕೇಳುವುದು 15 ಗಂಟೆಯಾದರೆ, ನಾಲ್ಕು ಕ್ರೆಡಿಟಿನ ಒಂದು ಕೋರ್ಸಿಗೆ ತರಗತಿಯ ಹೊರಗೆ ಸುಮಾರು 60 ಗಂಟೆಗಳ ಕೆಲಸವನ್ನು ವ್ಯವಸ್ಥೆಯೇ ನಿಮ್ಮಿಂದ ನಿರೀಕ್ಷಿಸುತ್ತದೆ. ಒಂದು ಸೆಮಿಸ್ಟರಿಗೆ ಅದನ್ನು ಹಂಚಿದರೆ ವಾರಕ್ಕೆ ನಾಲ್ಕು ಗಂಟೆ. ಪರೀಕ್ಷೆಯ ಹಿಂದಿನ ವಾರ ರಾತ್ರಿ ನಿದ್ದೆಗೆಟ್ಟು ಓದಿದರೆ ಈ ಲೆಕ್ಕ ಎಷ್ಟು ಮಾತ್ರಕ್ಕೂ ಕೂಡುವುದಿಲ್ಲ.

ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಮತ್ತೆ ಮತ್ತೆ ಓದುವುದೊಂದೇ ದಾರಿಯೆ?

ಅಲ್ಲ, ನಿಜ ಹೇಳುವುದಾದರೆ ಅದು ಬಹಳ ದುರ್ಬಲವಾದ ದಾರಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿ, ಆಮೇಲೆ ನಿಧಾನವಾಗಿ ಸಾಗುತ್ತದೆ ಎಂಬುದನ್ನು ತೋರಿಸಿಕೊಟ್ಟವನು ಅವನು. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲಕರವಾದುದು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಒಮ್ಮೆ ಓದಿದ ಬಳಿಕ ಅದನ್ನೇ ಮತ್ತೊಮ್ಮೆ ಓದಿದ ಸಂದರ್ಭವನ್ನೂ, ಮತ್ತೆ ಓದದೆ ನೆನಪಿದ್ದುದನ್ನು ಖಾಲಿ ಹಾಳೆಯಲ್ಲಿ ಬರೆದ ಸಂದರ್ಭವನ್ನೂ ಅವರು ಹೋಲಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಮತ್ತೆ ಓದಿದವರಿಗೆ ಶೇ. 42ರಷ್ಟು, ಬರೆದು ನೋಡಿದವರಿಗೆ ಶೇ. 56ರಷ್ಟು ನೆನಪಿತ್ತು. ಮತ್ತೆ ಓದಿದಾಗ ಎಲ್ಲವೂ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ನಾವು ಕಲಿಕೆಯೆಂದು ಭ್ರಮಿಸುತ್ತೇವೆ.

ಆದುದರಿಂದ ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಹತ್ತು ಸಾಲು ಬರೆದು, ಬಿಟ್ಟುಹೋದದ್ದೇನೆಂದು ಪುಸ್ತಕ ತೆರೆದು ನೋಡಿರಿ. ಮರುದಿನ ಒಮ್ಮೆ, ವಾರ ಕಳೆದು ಒಮ್ಮೆ ಹಾಗೆಯೇ ಮಾಡಿರಿ. ಕುಂಬಳೆಯಿಂದಲೋ ಉಪ್ಪಳದಿಂದಲೋ ರೈಲು ಹತ್ತಿ ಮಂಗಳೂರಿಗೆ ಹೋಗುವವರಿಗೆ ಈ ಕೆಲಸಕ್ಕೆ ಪ್ರತ್ಯೇಕ ಸಮಯವೇ ಬೇಡ. ನಿಂತುಕೊಂಡು ಪುಸ್ತಕ ಓದುವುದು ಕಷ್ಟ, ಆದರೆ ನಿನ್ನೆಯ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದಕ್ಕೆ ಸೀಟು ಸಿಗಬೇಕೆಂದೇನೂ ಇಲ್ಲ.

ಪಾಠ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮಲಯಾಳದಲ್ಲಿ ನಡೆಯುತ್ತದೆ. ನೋಟ್ಸನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳಲಿ?

ಕೈ ಯಾವ ಭಾಷೆಯಲ್ಲಿ ಓಡುತ್ತದೋ ಅದರಲ್ಲಿ. ಪಾರಿಭಾಷಿಕ ಪದಗಳನ್ನು ಮಾತ್ರ ಕೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಬರೆದುಕೊಂಡು, ವಿವರಣೆಯನ್ನು ಕನ್ನಡದಲ್ಲಿ ಬರೆಯಿರಿ. ತರಗತಿಯಲ್ಲೇ ಅನುವಾದ ಮಾಡಲು ಹೊರಟರೆ ಒಂದು ವಾಕ್ಯ ಅನುವಾದವಾಗುವಷ್ಟರಲ್ಲಿ ಮೂರು ವಾಕ್ಯ ಕೈತಪ್ಪಿ ಹೋಗುತ್ತವೆ. ಹಾಳೆಯ ಎಡಗಡೆ ಎರಡು ಬೆರಳಗಲ ಜಾಗ ಬಿಟ್ಟು, ಸಂಜೆ ಮನೆಗೆ ಬಂದ ಮೇಲೆ ಅಲ್ಲಿ ಪ್ರತಿ ಭಾಗಕ್ಕೂ ಒಂದು ಪ್ರಶ್ನೆ ಬರೆದಿಟ್ಟುಕೊಂಡರೆ, ಮೇಲೆ ಹೇಳಿದ ಸ್ವಪರೀಕ್ಷೆಗೆ ಪ್ರಶ್ನೆಪತ್ರಿಕೆ ತಾನಾಗಿ ಸಿದ್ಧವಾಗುತ್ತದೆ. ಮಲಯಾಳದ ವಿವರಣೆ ಅರ್ಥವಾಗದಿದ್ದಾಗ ಸುಮ್ಮನೆ ಕುಳಿತುಕೊಳ್ಳಬೇಡಿರಿ. ‘ಟೀಚರ್, ಇಂಗ್ಲಿಷಿನಲ್ಲಿ ಒಮ್ಮೆ ಹೇಳಬಹುದೆ’ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ, ಮತ್ತು ಹಾಗೆ ಕೇಳುವುದು ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಯ ಸಂಕೋಚದ ವಿಷಯವಾಗಬೇಕಾದ ಕಾರಣವೂ ಇಲ್ಲ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವುದು ತಪ್ಪೆ?

ತಪ್ಪಲ್ಲ. ಯೋಚಿಸುವುದಕ್ಕೂ ಬರೆಯುವುದಕ್ಕೂ ನಡುವೆ ಪದಶಃ ಅನುವಾದವನ್ನು ತಂದಿಡುವುದು ತಪ್ಪು. ನನ್ನ ಅನುಭವದಲ್ಲಿ, ತನ್ನ ವಾದ ಏನೆಂದು ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳಲಾರದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದರೂ ಅದರಲ್ಲಿ ವಾದ ಇರುವುದಿಲ್ಲ. ಆದುದರಿಂದ ಮೊದಲ ಕರಡನ್ನು, ಅದು ಒಂದು ಪುಟವಿದ್ದರೂ ಸಾಕು, ಕನ್ನಡದಲ್ಲಿ ಬರೆಯಿರಿ. ‘ನಾನು ಹೇಳಹೊರಟದ್ದು ಇಷ್ಟು; ಇದಕ್ಕೆ ಆಧಾರ ಇವು; ಇದಕ್ಕೆ ಯಾರಾದರೂ ಆಕ್ಷೇಪ ಎತ್ತಿದರೆ ನನ್ನ ಉತ್ತರ ಇದು’ ಎಂಬಷ್ಟು ಅದರಲ್ಲಿರಲಿ. ಅನಂತರ ಆ ಹಾಳೆಯನ್ನು ಮಡಚಿಟ್ಟು, ಅದನ್ನು ನೋಡದೆ, ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೊಸದಾಗಿ ಬರೆಯಿರಿ. ಕನ್ನಡದ ವಾಕ್ಯ ಕಣ್ಣೆದುರಿಗಿದ್ದರೆ ಕ್ರಿಯಾಪದಕ್ಕಾಗಿ ಕೊನೆಯವರೆಗೂ ಕಾಯುವ ಅದರ ನಡಿಗೆಯೇ ಇಂಗ್ಲಿಷಿಗೂ ಬಂದುಬಿಡುತ್ತದೆ.

ಇಂಗ್ಲಿಷ್ ದುರ್ಬಲವಾಗಿದೆ ಎಂದು ದೂರುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿಯ ನಿಜವಾದ ತೊಂದರೆ ಇಂಗ್ಲಿಷಿನದ್ದಲ್ಲ, ಹೇಳಬೇಕಾದುದು ಇನ್ನೂ ನಿಶ್ಚಯವಾಗಿಲ್ಲದ್ದರದ್ದು ಎಂಬ ನನ್ನ ಅಭಿಪ್ರಾಯಕ್ಕೆ ಅಂಕಿ-ಅಂಶದ ಆಧಾರವಿಲ್ಲ. ತಿದ್ದಿದ ಕೈಯ ಅಂದಾಜು ಅಷ್ಟೆ.

ನನ್ನ ಕನ್ನಡದಲ್ಲಿ ಮಲಯಾಳ ಬೆರೆತಿದೆ ಎಂದು ಮಂಗಳೂರಿನ ಅಧ್ಯಾಪಕರು ಹೇಳುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉಚ್ಚಾರ ಅಥವಾ ಧಾಟಿಯ ಬಗ್ಗೆ ಹೇಳಿದ್ದಾದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿಬರುವ ಊರಿನವರ ಮಾತು ಹಾಗಿರುವುದು ಸಹಜ. ಬರವಣಿಗೆಯಲ್ಲಿ ನಿಜವಾಗಿ ತೊಂದರೆ ಕೊಡುವವು ಎರಡೂ ಭಾಷೆಗಳಲ್ಲಿ ರೂಪ ಒಂದೇ ಆಗಿದ್ದು ಅರ್ಥ ಬೇರೆಯಾಗಿರುವ ಸಂಸ್ಕೃತ ಪದಗಳು. ತೀರಾ ಬೇರೆಯಾಗಿ ಕಾಣುವ ಪದಗಳ ಬಗ್ಗೆ ನಾವು ಎಚ್ಚರವಾಗಿರುತ್ತೇವೆ. ಇವು ಕನ್ನಡದ ವೇಷದಲ್ಲೇ ಬರುವುದರಿಂದ ಗೊತ್ತೇ ಆಗುವುದಿಲ್ಲ.

ಮಲಯಾಳದಲ್ಲಿ ‘ಅವಕಾಶ’ ಎಂದರೆ ಹಕ್ಕು. ಕನ್ನಡದಲ್ಲಿ ಅದು ಸಂದರ್ಭ, ಎಡೆ. ಆ ಅರ್ಥಕ್ಕೆ ಮಲಯಾಳದಲ್ಲಿರುವ ‘ಅವಸರ’ ಕನ್ನಡದಲ್ಲಿ ಗಡಿಬಿಡಿಯಾಗುತ್ತದೆ. ರಾಜ್ಯಶಾಸ್ತ್ರದ ಅಸೈನ್‌ಮೆಂಟೊಂದರಲ್ಲಿ ‘ಮನುಷ್ಯಾವಕಾಶ’ ಎಂಬ ಪದ ಪುಟಕ್ಕೆ ಮೂರು ಬಾರಿ ಬಂದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಮಾನವ ಹಕ್ಕು. ‘ನಿಯಮ’ ಮಲಯಾಳದಲ್ಲಿ ಕಾನೂನು. ವಿಧಾನಸಭೆಗೆ ತಿರುವನಂತಪುರದಲ್ಲಿ ನಿಯಮಸಭೆಯೆಂಬ ಹೆಸರಿರುವುದು ಅದರಿಂದಲೇ. ಕನ್ನಡದಲ್ಲಿ ಕಾಯ್ದೆ, ಕಾನೂನು, ನಿಯಮ ಮೂರೂ ಬೇರೆ ಬೇರೆ: ಕಾಯ್ದೆಯನ್ನು ಶಾಸನಸಭೆ ಮಾಡುತ್ತದೆ, ಅದರಡಿಯಲ್ಲಿ ನಿಯಮವನ್ನು ಸರಕಾರ ಮಾಡುತ್ತದೆ. ‘ಅಪೇಕ್ಷೆ’ಯನ್ನು ಕೇರಳದ ಕಚೇರಿಯಲ್ಲಿ ಕೊಡಬಹುದು, ಕನ್ನಡದಲ್ಲಿ ಕೊಡಬೇಕಾದುದು ಅರ್ಜಿ. ‘ಸಂಸಾರ’ ಅಲ್ಲಿ ಮಾತುಕತೆ, ಇಲ್ಲಿ ಹೆಂಡತಿ ಮಕ್ಕಳು. ನಮ್ಮ ವಿಷಯಕ್ಕೇ ಬಂದರೆ ‘ಉಪನ್ಯಾಸ’ ಮಲಯಾಳದಲ್ಲಿ ಬರೆಯುವ ಪ್ರಬಂಧ, ಕನ್ನಡದಲ್ಲಿ ಎದುರಿಗೆ ನಿಂತು ಮಾಡುವ ಭಾಷಣ. ಉಪನ್ಯಾಸ ಸಲ್ಲಿಸಿದ್ದೇನೆಂದು ಬರೆದ ಪತ್ರವನ್ನು ಓದಿದ ಮಂಗಳೂರಿನ ಅಧ್ಯಾಪಕರು ತಬ್ಬಿಬ್ಬಾದರೆ ಅವರ ತಪ್ಪೇನಿಲ್ಲ.

ನೋಟ್ ಪುಸ್ತಕದ ಕೊನೆಯಲ್ಲಿ ಎರಡು ಪುಟಗಳನ್ನು ಇಂತಹ ಜೋಡಿಪದಗಳಿಗೆ ಮೀಸಲಿಡಿರಿ. ಸಂಶಯ ಬಂದಾಗ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಗ್ರಂಥಾಲಯದಲ್ಲಿ ನೋಡಬಹುದು; ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳು ಅಂತರ್ಜಾಲದಲ್ಲೇ ಸಿಗುತ್ತವೆ. ಎರಡು ಭಾಷೆ ಬಲ್ಲವನಿಗೆ ಮಾತ್ರ ಕಾಣುವ ವ್ಯತ್ಯಾಸ ಇದು ಎಂಬುದನ್ನೂ ಮರೆಯಬೇಡಿರಿ. ಈ ಪಟ್ಟಿಯೇ ಒಳ್ಳೆಯದೊಂದು ಪ್ರಾಜೆಕ್ಟಿನ ಮೊದಲ ಪುಟವಾಗಬಹುದು.

ಪ್ರಾಜೆಕ್ಟಿಗೆ ವಿಷಯ ಹೇಗೆ ಆರಿಸಲಿ? ‘ಕಾಸರಗೋಡಿನ ಸಂಸ್ಕೃತಿ’ ಆಗಬಹುದೆ?

ಆಗದು. ಅದು ಹತ್ತು ಸಂಶೋಧಕರ ಜೀವಮಾನದ ಕೆಲಸ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಠ್ಯಕ್ರಮ ಚೌಕಟ್ಟಿನಂತೆ ಸಂಶೋಧನೆ ಸಹಿತ ಆನರ್ಸ್ ಮಾಡುವವರಿಗೆ ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟಿನ ಪ್ರಾಜೆಕ್ಟ್ ಇರುತ್ತದೆ. ಅಷ್ಟು ಸಮಯದಲ್ಲಿ ಒಬ್ಬರು ಕಣ್ಣಾರೆ ನೋಡಿ, ಎಣಿಸಿ, ಕೇಳಿ, ಓದಿ ಮುಗಿಸಬಹುದಾದಷ್ಟೇ ವಿಷಯ ಇರಬೇಕು. ವಿಷಯವನ್ನು ಪ್ರಶ್ನೆಯ ರೂಪದಲ್ಲಿ ಬರೆಯಲು ಬಾರದಿದ್ದರೆ ಅದು ಇನ್ನೂ ವಿಷಯವಾಗಿಲ್ಲ ಎಂದು ತಿಳಿಯಿರಿ.

ನಮ್ಮಲ್ಲಿ ಹುಡುಕುವವರಿಗೆ ವಿಷಯದ ಬರವಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ತೋಡಿ ನೀರು ಹರಿಸಿಕೊಳ್ಳುವ ಸುರಂಗಗಳು ಈ ಜಿಲ್ಲೆಯಲ್ಲಿಯೂ ಪಕ್ಕದ ದಕ್ಷಿಣ ಕನ್ನಡದ ಕೆಲವು ಭಾಗಗಳಲ್ಲಿಯೂ ಇವೆ. ‘ಕಾಸರಗೋಡಿನ ಸುರಂಗಗಳು’ ಎಂಬುದು ಶೀರ್ಷಿಕೆಯಾಯಿತು. ‘ನಮ್ಮ ವಾರ್ಡಿನ ಸುರಂಗಗಳಲ್ಲಿ ಬೇಸಿಗೆಯಲ್ಲಿ ನೀರಿರುವವು ಎಷ್ಟು, ಬತ್ತಿದವುಗಳ ಮೇಲ್ಭಾಗದ ಗುಡ್ಡದಲ್ಲಿ ಏನು ಬದಲಾಗಿದೆ’ ಎಂಬುದು ಸಂಶೋಧನೆಯ ಪ್ರಶ್ನೆಯಾಯಿತು.

ಒಂದು ಪ್ಯಾರಾವನ್ನು ಹೇಗೆ ಬರೆಯಬೇಕೆಂದು ಉದಾಹರಣೆ ಸಹಿತ ತೋರಿಸಬಹುದೆ?

ಮೇಲಿನ ವಿಷಯವನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ನನ್ನ ಮೇಜಿಗೆ ಬರುವ ಮೊದಲ ಕರಡು ಹೀಗಿರುತ್ತದೆ:

‘ಕಾಸರಗೋಡಿನ ಸುರಂಗಗಳು ಬಹಳ ಪ್ರಾಚೀನವಾದವುಗಳಾಗಿದ್ದು ನಮ್ಮ ಸಂಸ್ಕೃತಿಯ ಪ್ರತೀಕವಾಗಿವೆ. ಇವುಗಳು ನಮ್ಮ ಹಿರಿಯರಿಂದ ನಿರ್ಮಿಸಲ್ಪಟ್ಟಿವೆ. ನೀರು ಜೀವಜಲವಾಗಿದೆ. ಇಂದು ಇವುಗಳು ಕಣ್ಮರೆಯಾಗುತ್ತಿರುವುದು ವಿಷಾದನೀಯವಾಗಿದೆ.’

ವ್ಯಾಕರಣದ ದೋಷ ಇಲ್ಲಿ ಒಂದೂ ಇಲ್ಲ, ಆದರೂ ಓದಿದವನಿಗೆ ಏನೂ ಸಿಕ್ಕುವುದಿಲ್ಲ. ‘ಬಹಳ ಪ್ರಾಚೀನ’ ಎಂದರೆ ಎಷ್ಟು, ಹಾಗೆಂದು ಯಾರು ಹೇಳಿದರು? ‘ಪ್ರತೀಕ’ ಎಂಬ ಮಾತನ್ನು ಯಕ್ಷಗಾನಕ್ಕೂ ಹೇಳಬಹುದು, ತೆಂಗಿನ ಮರಕ್ಕೂ ಹೇಳಬಹುದು. ‘ನಿರ್ಮಿಸಲ್ಪಟ್ಟಿವೆ’ ಎಂಬ ಕರ್ಮಣಿ ಪ್ರಯೋಗ ನಮ್ಮ ಪಠ್ಯಪುಸ್ತಕಗಳಲ್ಲಿ ಬೀಡುಬಿಟ್ಟಿದೆ. ‘ಹಿರಿಯರು ತೋಡಿದರು’ ಎಂದರೆ ಮುಗಿಯಿತು. ನೀರು ಜೀವಜಲವೆಂಬುದನ್ನು ಅಲ್ಲಗಳೆಯುವವರಿಲ್ಲದ ಕಾರಣ ಅದನ್ನು ಹೇಳುವ ಅಗತ್ಯವಿಲ್ಲ. ವಿಷಾದವನ್ನು ಓದುಗರು ಬೇಕಿದ್ದರೆ ತಾವೇ ಪಡುತ್ತಾರೆ.

ಅದನ್ನು ತಿದ್ದಿ ಬರೆದರೆ ಹೀಗಾಗಬಹುದು (ಇದರಲ್ಲಿರುವ ಸಂಖ್ಯೆಗಳು ಉದಾಹರಣೆಗಾಗಿ ನಾನು ಕಲ್ಪಿಸಿದವು):

‘ನಮ್ಮ ವಾರ್ಡಿನಲ್ಲಿ ನಾನು ನೋಡಿದ ಒಂಬತ್ತು ಸುರಂಗಗಳ ಪೈಕಿ ಐದರಲ್ಲಿ ಮಾತ್ರ ಏಪ್ರಿಲ್ ಕೊನೆಯಲ್ಲಿ ನೀರಿತ್ತು. ಬತ್ತಿದ ನಾಲ್ಕರಲ್ಲಿ ಮೂರರ ಮೇಲ್ಭಾಗದ ಗುಡ್ಡದಲ್ಲಿ ಕೊಳವೆಬಾವಿಗಳಿವೆ. ನಾಲ್ಕನೆಯದರ ಮೇಲೆ ಕಲ್ಲು ಕಡಿಯುವ ಕೋರೆ ಇದೆ. ಇಷ್ಟರಿಂದಲೇ ಕೊಳವೆಬಾವಿ ಸುರಂಗವನ್ನು ಬತ್ತಿಸಿತೆಂದು ಹೇಳಲಾಗದು, ಏಕೆಂದರೆ ನೀರಿರುವ ಐದರಲ್ಲಿ ಎರಡರ ಮೇಲೆಯೂ ಕೊಳವೆಬಾವಿ ಇದೆ. ಆದುದರಿಂದ ಬಾವಿಯ ಆಳವನ್ನೂ ಸುರಂಗದಿಂದ ಅದಕ್ಕಿರುವ ದೂರವನ್ನೂ ಮುಂದಿನ ಭಾಗದಲ್ಲಿ ಹೋಲಿಸಿದ್ದೇನೆ.’

ಇದರಲ್ಲಿ ಅಲಂಕಾರವಿಲ್ಲ, ದೊಡ್ಡ ಪದಗಳಿಲ್ಲ. ಮೊದಲ ವಾಕ್ಯ ಕಂಡದ್ದನ್ನು ಹೇಳುತ್ತದೆ, ಎರಡನೆಯದೂ ಮೂರನೆಯದೂ ಅದನ್ನು ಬಿಡಿಸುತ್ತವೆ, ನಾಲ್ಕನೆಯದು ಬರೆದವರೇ ತಮ್ಮ ಮೇಲೆ ಎತ್ತಿಕೊಂಡ ಆಕ್ಷೇಪ, ಕೊನೆಯದು ಮುಂದಿನ ಪ್ಯಾರಾಕ್ಕೆ ದಾರಿ. ಆ ನಾಲ್ಕನೆಯ ವಾಕ್ಯವನ್ನು ನೋಡಿ ಮಾರ್ಗದರ್ಶಕರು ಅಂಕ ಕೊಡುತ್ತಾರೆ. ತನಗೆ ಅನುಕೂಲವಲ್ಲದ ಮಾಹಿತಿಯನ್ನು ಅಡಗಿಸಿಡದೆ ಹೇಳುವವರ ಉಳಿದ ಮಾತನ್ನೂ ಓದುಗ ನಂಬುತ್ತಾನೆ.

ಆಕರಗಳನ್ನು ಎಲ್ಲಿ ಹುಡುಕಲಿ?

ಪಿಎಚ್.ಡಿ. ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’, ಪುಸ್ತಕಗಳಿಗೆ ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಕನ್ನಡದ ಸಾಮಾನ್ಯ ಮಾಹಿತಿಗೆ ಕರ್ನಾಟಕ ಸರಕಾರದ ‘ಕಣಜ’ ಇವೆ. ಎಲ್ಲಕ್ಕಿಂತ ಮೊದಲು ನಿಮ್ಮ ಕಾಲೇಜಿನ ಗ್ರಂಥಪಾಲಕರಿದ್ದಾರೆ.

ಗಡಿನಾಡಿನ ವಿಷಯವನ್ನು ಹುಡುಕುವಾಗ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ನಮ್ಮ ಜಿಲ್ಲೆಯ ಒಂದು ತಾಲೂಕಿನ ಹೆಸರು ಹೊಸದುರ್ಗ, ಅಲ್ಲಿನ ನಗರಸಭೆಯ ಹೆಸರು ಕಾಞಂಗಾಡ್. ‘ಹೊಸದುರ್ಗ’ ಎಂದು ಕನ್ನಡದಲ್ಲಿ ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಮೊದಲು ಎದುರಾಗುತ್ತದೆ. ಮಂಜೇಶ್ವರ ಮಲಯಾಳದ ದಾಖಲೆಗಳಲ್ಲಿ ಮಂಚೇಶ್ವರಂ ಆಗಿರುತ್ತದೆ. ಕಾಸರಗೋಡು ಜಿಲ್ಲೆ 1984ರ ಮೇ 24ರಂದು ರಚನೆಯಾಯಿತು. ಅದಕ್ಕಿಂತ ಹಿಂದಿನ ಅಂಕಿ-ಅಂಶಗಳನ್ನು ಕಣ್ಣೂರು ಜಿಲ್ಲೆಯಡಿಯಲ್ಲೂ, 1956ಕ್ಕಿಂತ ಹಿಂದಿನವನ್ನು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಡಿಯಲ್ಲೂ ಹುಡುಕಬೇಕು. ಇದು ಗೊತ್ತಿಲ್ಲದೆ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದು ಸಲ್ಲಿಸಿದ ಪ್ರಾಜೆಕ್ಟುಗಳನ್ನು ಕಂಡಿದ್ದೇನೆ.

ಯಾವುದಕ್ಕೆ ಆಕರ ಸೂಚಿಸಬೇಕು, ಯಾವುದಕ್ಕೆ ಬೇಡ?

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು ಎಂದು ಬರೆಯಲು ಆಕರ ಬೇಡ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು ಎಂದು ಸುಮ್ಮನೆ ಹೇಳುವುದಕ್ಕೂ ಬೇಡವೆನ್ನಬಹುದು. ಆದರೆ ಆಯೋಗ ಅದಕ್ಕೆ ಕೊಟ್ಟ ಕಾರಣಗಳನ್ನು ಹೇಳಲು ಹೊರಟಿರೋ, ವರದಿಯ ಪುಟಸಂಖ್ಯೆ ಬೇಕೇ ಬೇಕು. ಆ ಕಾರಣಗಳನ್ನು ನೀವು ವರದಿಯಲ್ಲಿ ಓದದೆ ಬೇರೊಬ್ಬರ ಲೇಖನದಲ್ಲಿ ಓದಿದ್ದರೆ ಆ ಲೇಖನವನ್ನೇ ಹೆಸರಿಸಬೇಕು. ನೋಡದ ಪುಸ್ತಕವನ್ನು ನೋಡಿದಂತೆ ತೋರಿಸುವುದು ನಮ್ಮಲ್ಲಿ ಬಹಳ ಸಾಮಾನ್ಯವಾಗಿರುವ ಅಪ್ರಾಮಾಣಿಕತೆ.

ಪುಟಸಂಖ್ಯೆಯನ್ನು ಓದಿದ ಕ್ಷಣದಲ್ಲೇ ಬರೆದುಕೊಳ್ಳಿರಿ. ಎಂ.ಎ. ಓದುವಾಗ ಹಳೆಯ ಮಾಸಪತ್ರಿಕೆಯೊಂದರಿಂದ ಒಳ್ಳೆಯದೊಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು, ‘ಎಡಗಡೆಯ ಪುಟ, ಕೆಳಗಡೆ’ ಎಂದಷ್ಟೇ ಗುರುತು ಹಾಕಿದ್ದೆ. ಪ್ರಬಂಧ ಸಲ್ಲಿಸುವ ವಾರ ಎರಡು ದಿನ ಬಸ್ಸಿನಲ್ಲಿ ಹೋಗಿ ಬಂದರೂ ಆ ಸಂಪುಟ ಸಿಗಲಿಲ್ಲ. ಅದನ್ನು ಬೈಂಡಿಂಗಿಗೆ ಕಳುಹಿಸಿದ್ದರು. ಇಡೀ ಅಧ್ಯಾಯ ಆ ವಾಕ್ಯದ ಮೇಲೆ ನಿಂತಿದ್ದರಿಂದ ಕಡೆಗೆ ಅಧ್ಯಾಯವನ್ನೇ ಬದಲಾಯಿಸಬೇಕಾಯಿತು.

ಆಕರ ಸೂಚಿಸುವ ಎಂಎಲ್ಎ, ಎಪಿಎ ಇತ್ಯಾದಿ ಶೈಲಿಗಳಲ್ಲಿ ಯಾವುದನ್ನು ಅನುಸರಿಸಬೇಕೆಂದು ನಿಮ್ಮ ವಿಭಾಗವೇ ಹೇಳುತ್ತದೆ. ಅವು ಹೇಳದಿರುವುದು ನಮ್ಮ ಹೆಸರುಗಳ ಬಗ್ಗೆ. ಕಯ್ಯಾರ ಕಿಞ್ಞಣ್ಣ ರೈ ಎಂಬಲ್ಲಿ ಕಯ್ಯಾರ ಊರು, ರೈ ಮನೆತನಕ್ಕೆ ಸೇರಿದ ಹೆಸರು, ಎಂ. ಗೋವಿಂದ ಪೈ ಎಂಬಲ್ಲಿ ‘ಎಂ’ ಮಂಜೇಶ್ವರ. ಕೊನೆಯ ಹೆಸರನ್ನು ಮೊದಲಿಗೆ ತರುವ ಇಂಗ್ಲಿಷ್ ಪದ್ಧತಿಯಂತೆ ‘ರೈ’ ಅಡಿಯಲ್ಲಿ ಹಾಕಿದರೆ ಜಿಲ್ಲೆಯ ಅರ್ಧದಷ್ಟು ಲೇಖಕರು ಒಂದೇ ಕಡೆ ಸೇರುತ್ತಾರೆ. ಕನ್ನಡ ಪ್ರಬಂಧದಲ್ಲಿ ‘ಕಿಞ್ಞಣ್ಣ ರೈ, ಕಯ್ಯಾರ’, ‘ಗೋವಿಂದ ಪೈ, ಎಂ.’ ಎಂದು ಬರೆಯುವುದು ರೂಢಿ. ಯಾವುದನ್ನೇ ಆರಿಸಿದರೂ ಮೊದಲಿನಿಂದ ಕೊನೆಯವರೆಗೂ ಅದನ್ನೇ ಪಾಲಿಸಿರಿ.

ಶೇ. 10ರವರೆಗೆ ನಕಲು ಮಾಡಬಹುದು ಎನ್ನುತ್ತಾರಲ್ಲ?

ಯಾರೂ ಹಾಗೆ ಹೇಳಿಲ್ಲ; ನಿಯಮವನ್ನು ಓದದವರು ಹಬ್ಬಿಸಿದ ಮಾತು ಅದು. ಯುಜಿಸಿಯ 2018ರ ನಿಬಂಧನೆಗಳಲ್ಲಿ ಹೋಲಿಕೆಯ ಪ್ರಮಾಣ ಶೇ. 10ರವರೆಗಿದ್ದರೆ ದಂಡನೆಯಿಲ್ಲ ಎಂದಿದೆ. ಶೇ. 10ರಿಂದ 40ರವರೆಗಾದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕಿಂತ ಹೆಚ್ಚಾದರೆ ನೋಂದಣಿಯೇ ರದ್ದು. ಆಕರ ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಮುನ್ನುಡಿ, ಪರಿವಿಡಿ, ಕೃತಜ್ಞತೆ ಮುಂತಾದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಮಾನ್ಯ ಜ್ಞಾನದ ಮಾತುಗಳು ಅಥವಾ ಆಕಸ್ಮಿಕವಾಗಿ ಹೊಂದಿಕೆಯಾಗುವ ಪದಸರಣಿ, ಸತತ ಹದಿನಾಲ್ಕು ಪದಗಳವರೆಗೆ, ಲೆಕ್ಕಕ್ಕಿಲ್ಲ.

ಈ ಶೇಕಡಾವಾರು ಅಳತೆ ಸ್ನಾತಕೋತ್ತರ ಮತ್ತು ಸಂಶೋಧನ ಪದವಿಯ ಪ್ರಬಂಧಗಳಿಗೆ, ಪ್ರಕಟಣೆಗಳಿಗೆ ಸಂಬಂಧಿಸಿದ್ದು. ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಆ ನಿಬಂಧನೆಯೇ ಹೊರಗಿಟ್ಟಿದೆ. ಹಾಗೆಂದು ಅವುಗಳಲ್ಲಿ ನಕಲು ಮಾಡಬಹುದೆಂದು ಅರ್ಥವಲ್ಲ: ಅಲ್ಲಿ ಹೋಲಿಕೆ ಅಳೆಯುವ ತಂತ್ರಾಂಶದ ಬದಲು ಅಧ್ಯಾಪಕರು ಇದ್ದಾರೆ, ಮತ್ತು ನಿನ್ನೆಯವರೆಗೆ ‘ವಿಷಾದನೀಯವಾಗಿದೆ’ ಎಂದು ಬರೆಯುತ್ತಿದ್ದವರು ಇಂದು ಇದ್ದಕ್ಕಿದ್ದಂತೆ ಬೇರೆಯವರ ಗತ್ತಿನಲ್ಲಿ ಬರೆದರೆ ಅವರಿಗೆ ತಿಳಿಯುತ್ತದೆ.

ಚಾಟ್‌ಜಿಪಿಟಿಯಂತಹ ಸಾಧನಗಳನ್ನು ಬಳಸಬಹುದೆ?

ನಿಮ್ಮ ವಿಭಾಗ ಏನೆನ್ನುತ್ತದೆಂದು ಮೊದಲು ಕೇಳಿರಿ. ಕಷ್ಟದ ಪರಿಕಲ್ಪನೆಯೊಂದನ್ನು ಸರಳವಾಗಿ ವಿವರಿಸಿಕೊಳ್ಳಲು, ನಿಮ್ಮ ಇಂಗ್ಲಿಷ್ ವಾಕ್ಯದ ದೋಷ ತಿಳಿದುಕೊಳ್ಳಲು ಅವು ಉಪಯುಕ್ತ. ಆಕರಗಳನ್ನು ಮಾತ್ರ ಅವುಗಳಿಂದ ಎತ್ತಿಕೊಳ್ಳಬೇಡಿರಿ. ಇಲ್ಲದ ಪುಸ್ತಕಕ್ಕೆ ಲೇಖಕ, ವರ್ಷ, ಪುಟಸಂಖ್ಯೆ ಎಲ್ಲವನ್ನೂ ಸೃಷ್ಟಿಸಿ ಕೊಡಬಲ್ಲವು. ಬರೆಯಿಸಿಕೊಂಡು ಸಲ್ಲಿಸಿದರೆ ಅಂಕ ಸಿಕ್ಕರೂ ಬರೆಯಲು ಕಲಿತದ್ದು ನೀವಲ್ಲ.

ಕನ್ನಡದಲ್ಲಿ ಟೈಪ್ ಮಾಡಿದ ಪ್ರಬಂಧ ಕಾಲೇಜಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಿಸುತ್ತದೆ. ಏನು ಮಾಡಲಿ?

ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದೇ ಗೊತ್ತಾಗುವುದಿಲ್ಲ. ಕನ್ನಡ ವಿಭಾಗವಿಲ್ಲದ ಕಡೆ, ಮಲಯಾಳದ ಫೋಟೋಸ್ಟಾಟ್ ಅಂಗಡಿಗಳೇ ಹೆಚ್ಚಿರುವ ನಮ್ಮ ಊರುಗಳಲ್ಲಿ ಕೊನೆಯ ದಿನ ಇದನ್ನು ಸರಿಪಡಿಸುವವರು ಸಿಗುವುದಿಲ್ಲ. ಮೊದಲಿನಿಂದಲೇ ಯೂನಿಕೋಡಿನಲ್ಲಿ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತದಲ್ಲಿ), ಸಾಧ್ಯವಾದರೆ ನೀವೇ, ಟೈಪ್ ಮಾಡಿರಿ. ಪರಿವರ್ತಕ ತಂತ್ರಾಂಶ ಬಳಸಿದ್ದರೆ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಂದೊಂದಾಗಿ ನೋಡಬೇಕು. ‘ವರ್ಷ’, ‘ಕಾರ್ಯ’ಗಳಂತಹ ಪದಗಳು ಅಲ್ಲೇ ಮುರಿಯುವುದು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೆದರಿಕೆಯಾಗುತ್ತದೆ.

ಪ್ರಾಜೆಕ್ಟನ್ನು ನೀವೇ ಮಾಡಿದ್ದರೆ ಕೋಣೆಯಲ್ಲಿರುವವರ ಪೈಕಿ ಅದರ ಬಗ್ಗೆ ಹೆಚ್ಚು ಗೊತ್ತಿರುವವರು ನೀವೇ. ಗೊತ್ತಿಲ್ಲದ್ದನ್ನು ಕೇಳಿದರೆ ‘ಅದನ್ನು ನಾನು ಪರಿಶೀಲಿಸಿಲ್ಲ ಸರ್’ ಎಂದು ಹೇಳಿ ಮುಂದಿನ ಪ್ರಶ್ನೆಗೆ ಕಾಯಿರಿ.

ಕರಡನ್ನು ಯಾರಿಗೆ ತೋರಿಸಬೇಕು?

ಮೊದಲು ನಿಮಗೇ, ಎರಡು ದಿನ ಬಿಟ್ಟು, ಗಟ್ಟಿಯಾಗಿ ಓದಿಕೊಂಡು. ಉಸಿರು ಕಟ್ಟುವಲ್ಲಿ ವಾಕ್ಯವನ್ನು ಎರಡಾಗಿಸಿರಿ. ಆಮೇಲೆ ಆ ವಿಷಯ ಓದದ ಗೆಳೆಯರೊಬ್ಬರಿಗೆ ಕೊಟ್ಟು, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕಲು ಹೇಳಿರಿ, ತಿದ್ದಲು ಹೇಳಬೇಡಿರಿ. ಮಾರ್ಗದರ್ಶಕರ ಬಳಿಗೆ ಹೋಗುವುದು ಅದರ ನಂತರ. ‘ಹೇಗಿದೆ ಟೀಚರ್’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ‘ಎರಡನೆಯ ಅಧ್ಯಾಯದಲ್ಲಿ ನನ್ನ ಆಧಾರ ತೀರ್ಮಾನಕ್ಕೆ ಸಾಕಾಗುತ್ತದೆಯೆ’ ಎಂದು ಕೇಳಿದರೆ ಅವರು ಕನ್ನಡಕ ಹಾಕಿಕೊಂಡು ಎರಡನೆಯ ಅಧ್ಯಾಯವನ್ನು ತೆರೆಯುತ್ತಾರೆ.